ಕಾನ್‌ಸ್ಟನ್ಸ್ ಸ್ಪ್ರೈ

ಕಾನ್‌ಸ್ಟನ್ಸ್ ಸ್ಪ್ರೈ (1886-1960): ಬ್ರಿಟನ್ನಿನ ಪುಷ್ಪವಿನ್ಯಾಸಕಿ, ಶಿಕ್ಷಕಿ, ಲೇಖಕಿ. ಎರಡನೆಯ ಎಲಿಜಬೆತ್ ರಾಣಿಯ 1953ರ ಪಟ್ಟಾಭಿಷೇಕದಲ್ಲಿ ಹೂವಿನ ಏರ್ಪಾಟು ನೋಡಿಕೊಂಡವರು ಎಂದೋ, ಅಂದಿನ ಔತಣದ ಕೋಳಿ ಖಾದ್ಯಕ್ಕೆ ಅಂಟಿಕೊಂಡ ಹೆಸರು ಎಂದೋ ಜನ ಇವರನ್ನು ನೆನೆಯುವುದುಂಟು. ಎರಡೂ ಸುಳ್ಳಲ್ಲವಾದರೂ ಅವರ ಕೆಲಸದ ತೂಕ ಅಲ್ಲಿಲ್ಲ. ಹೂವಿನ ಬೆಲೆಗೂ ಅದರ ಚೆಲುವಿಗೂ ಇದ್ದ ಗಂಟನ್ನು ಬಿಚ್ಚಿದ್ದು, ಹೂ ಜೋಡಣೆಯನ್ನು ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆಯಾಗಿ ಮಾಡಿದ್ದು ಅವರ ಸಾಧನೆ. ಸ್ಪ್ರೈ ಅವರನ್ನು ವಿನ್ಯಾಸಕಿ ಎಂದೇ ಕರೆಯಬೇಕಾದದ್ದು ಈ ಕಾರಣಕ್ಕೆ.

ಡರ್ಬಿ ಪಟ್ಟಣದಲ್ಲಿ ಹುಟ್ಟಿ ಐರ್ಲೆಂಡಿನಲ್ಲಿ ಬೆಳೆದ ಅವರು ಹೂವಿನ ಅಂಗಡಿ ತೆರೆದಾಗ ನಲವತ್ತು ದಾಟಿದ್ದರು. ಅದಕ್ಕೆ ಮುಂಚಿನ ಬದುಕು ಹೂವಿನದ್ದಲ್ಲ. ನೈರ್ಮಲ್ಯ, ಶರೀರಶಾಸ್ತ್ರ, ಶುಶ್ರೂಷೆಗಳನ್ನು ಓದಿ, ಐರ್ಲೆಂಡಿನ ಹೆಂಗಸರಿಗೆ ಪ್ರಥಮ ಚಿಕಿತ್ಸೆ ಮತ್ತು ಮನೆಯಲ್ಲಿ ರೋಗಿಯ ಆರೈಕೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಡಬ್ಲಿನ್ನಿನ ರೆಡ್‌ಕ್ರಾಸ್‌ನಲ್ಲೂ ಆಮೇಲೆ ಇಂಗ್ಲೆಂಡಿನಲ್ಲಿ ಮಹಿಳಾ ಕಾರ್ಮಿಕರ ಹಿತರಕ್ಷಣೆಯ ಹುದ್ದೆಗಳಲ್ಲೂ ದುಡಿದರು. 1921ರಲ್ಲಿ ಪೂರ್ವ ಲಂಡನ್ನಿನ ಹೋಮರ್ಟನ್-ಸೌತ್ ಹ್ಯಾಕ್ನಿ ಶಾಲೆಯ ಮುಖ್ಯಶಿಕ್ಷಕಿಯಾದರು. ಕಾರ್ಖಾನೆಗೆ ಹೋಗುವ ಹದಿಹರೆಯದ ಹುಡುಗಿಯರು ಅಲ್ಲಿನ ವಿದ್ಯಾರ್ಥಿನಿಯರು. ಅಡುಗೆ, ಹೊಲಿಗೆಗಳ ಜೊತೆಗೆ ಹೂ ಜೋಡಿಸುವುದನ್ನೂ ಅವರಿಗೆ ಕಲಿಸಿದರು. ಮೊದಲಿನ ಮದುವೆ ಮುರಿದ ಮೇಲೆ ಹೆನ್ರಿ ಸ್ಪ್ರೈ ಅವರೊಡನೆ ಬಾಳಿ ಆ ಹೆಸರನ್ನೇ ಇಟ್ಟುಕೊಂಡರು. ಅವರಿಬ್ಬರೂ ಕಾನೂನು ಪ್ರಕಾರ ಮದುವೆಯಾಗಿರಲಿಲ್ಲ. ಚಿತ್ರಕಾರ್ತಿ ಗ್ಲಕ್ ಜೊತೆ 1930ರ ದಶಕದಲ್ಲಿದ್ದ ಪ್ರೇಮಸಂಬಂಧವನ್ನು ಜೀವನಚರಿತ್ರೆಕಾರರು ವಿವರವಾಗಿ ಬರೆದಿದ್ದಾರೆ. ಗ್ಲಕ್ ಬಿಡಿಸಿದ ಹೂವಿನ ಚಿತ್ರಗಳ ಹಿಂದೆ ಸ್ಪ್ರೈ ಅವರ ಕೈಯಿದೆ.

1929ರಲ್ಲಿ ಲಂಡನ್ನಿನ ಪಿಮ್ಲಿಕೊದಲ್ಲಿ ಅಂಗಡಿ ಶುರುವಾಯಿತು. ಅದೇ ಸುಮಾರಿಗೆ ಓಲ್ಡ್ ಬಾಂಡ್ ಬೀದಿಯ ಅಟ್ಕಿನ್‌ಸನ್ಸ್ ಎಂಬ ಸುಗಂಧದ್ರವ್ಯದ ಮಳಿಗೆಯ ಗಾಜಿನ ಕಿಟಕಿಯಲ್ಲಿ ಅವರು ಬೇಲಿಸಾಲಿನ ಕಾಡುಬಳ್ಳಿಗಳನ್ನೂ ಹಸಿರು ಆರ್ಕಿಡ್‌ಗಳನ್ನೂ ಒಟ್ಟಿಗೆ ಇಟ್ಟರು. ನೋಡಲು ಜನ ಗುಂಪುಗೂಡಿದರು. ಆ ಕಾಲದ ಶ್ರೀಮಂತರ ಮನೆಗಳಲ್ಲಿ ಹೂವಿನ ಅಲಂಕಾರವೆಂದರೆ ಕಾರ್ನೇಷನ್ನಿನಂಥ ದುಬಾರಿ ಹೂ, ಸುತ್ತ ಒಂದಿಷ್ಟು ನವಿರಾದ ಸೊಪ್ಪು, ಎಲ್ಲವೂ ಅಚ್ಚುಕಟ್ಟಾಗಿ ಸೆಟೆದು ನಿಂತಿರಬೇಕು. ಸ್ಪ್ರೈ ಅಲ್ಲಿಗೆ ಕೇಲ್ ಸೊಪ್ಪಿನ ಎಲೆ, ಕಲ್ಲುಹೂ ಹತ್ತಿದ ಒಣಕೊಂಬೆ, ಕಾಡುಹಣ್ಣಿನ ಗೊಂಚಲು, ತರಕಾರಿ ಇವನ್ನೆಲ್ಲ ತಂದರು. ಹೂದಾನಿಯೇ ಬೇಕೆಂಬ ನೇಮವೂ ಇರಲಿಲ್ಲ, ಅಡುಗೆಮನೆಯ ತಟ್ಟೆ ಬಟ್ಟಲುಗಳೂ ಆದವು. ಒಂದು ವಸ್ತುವಿನ ಬಣ್ಣ, ಮೇಲ್ಮೈ, ಬಾಗು ಇವೇ ಆಯ್ಕೆಯ ಅಳತೆಗೋಲು. ಮಾರುಕಟ್ಟೆಯಲ್ಲಿ ಅದಕ್ಕೆಷ್ಟು ಬೆಲೆ ಎಂಬುದು ಲೆಕ್ಕಕ್ಕಿಲ್ಲ.

ಇದನ್ನು ವಿನ್ಯಾಸ ಎನ್ನಬಹುದೇ ಎಂಬ ಪ್ರಶ್ನೆ ಅವರು ತೀರಿಕೊಂಡ ನಾಲ್ಕು ದಶಕಗಳ ಮೇಲೆ ಜಗಳವಾಗಿಯೇ ಎದ್ದಿತು. ಲಂಡನ್ನಿನ ಡಿಸೈನ್ ಮ್ಯೂಸಿಯಂ 2004ರಲ್ಲಿ ಸ್ಪ್ರೈ ಕುರಿತು ಪ್ರದರ್ಶನ ಏರ್ಪಡಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಖ್ಯಾತಿಯ ಜೇಮ್ಸ್ ಡೈಸನ್ ಸಂಗ್ರಹಾಲಯದ ಅಧ್ಯಕ್ಷ ಸ್ಥಾನ ಬಿಟ್ಟರು. ಎಂಜಿನಿಯರಿಂಗನ್ನೂ ಸಮಸ್ಯೆ ಬಿಡಿಸುವ ವಿನ್ಯಾಸವನ್ನೂ ಬದಿಗೊತ್ತಿ ಸಂಸ್ಥೆ ಬರಿಯ ಬೆಡಗಿನ ಹಿಂದೆ ಹೊರಟಿದೆ ಎಂಬುದು ಅವರ ದೂರಾಗಿತ್ತು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮೂರು ದಿನಕ್ಕೆ ಬಾಡುವ ವಸ್ತುವನ್ನೂ ತಲೆಮಾರುಗಟ್ಟಲೆ ಬಳಸುವ ಯಂತ್ರವನ್ನೂ ಒಂದೇ ಕಪಾಟಿನಲ್ಲಿ ಇಡುವುದಕ್ಕೆ ಕಾರಣ ಬೇಕು. ಆದರೆ ಡೈಸನ್ನರ ಅಳತೆಯನ್ನೇ ಹಿಡಿದರೂ ಸ್ಪ್ರೈ ಸೋಲುವುದಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ದಂಟುಗಳು ಒಂದಕ್ಕೊಂದು ಒತ್ತಿಕೊಳ್ಳದೆ, ತಮ್ಮ ಸಹಜ ಬಾಗನ್ನು ಬಿಡದೆ ನಿಲ್ಲಬೇಕು, ಅದೊಂದು ಸಮಸ್ಯೆ. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯನ್ನು ಮುದುರಿ ಪಾತ್ರೆಯೊಳಗೆ ತುರುಕುವುದು ಅವರು ಬಳಸಿದ, ಕಲಿಸಿದ ಉಪಾಯ. ಅದಕ್ಕೆ ತಕ್ಕ ಆಕಾರದ ಹೂದಾನಿಗಳನ್ನು ರೂಪಿಸಿ ಫುಲಂ ಪಾಟರಿಯಲ್ಲಿ ಮಾಡಿಸಿದರು ಕೂಡ. ಇನ್ನು ಬಾಡುವ ಮಾತು: ಬಾಡುವುದು ಆ ದಿನದ ಜೋಡಣೆ, ಜೋಡಿಸುವ ಕ್ರಮವಲ್ಲ. ನಾಟಕದ ರಂಗಸಜ್ಜಿಕೆಯನ್ನೂ ಕೊನೆಯ ಪ್ರದರ್ಶನದ ಮರುದಿನ ಕಳಚುತ್ತಾರೆ. ಅದನ್ನು ವಿನ್ಯಾಸವಲ್ಲ ಎಂದವರಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಹರಿತ. ಬೇಲಿಯ ಹೂವಿನ ಮಾತಾಡಿದಾಕೆ ಹಣ ಗಳಿಸಿದ್ದು ಸಿರಿವಂತರಿಂದಲೇ ಅಲ್ಲವೇ? ಹೌದು. 1934ರಲ್ಲಿ ಅಂಗಡಿ ಮೇಫೇರ್‌ಗೆ ಹೋದಾಗ ಕೆಲಸಗಾರರ ಸಂಖ್ಯೆ 70ರಷ್ಟಿತ್ತು. ಸಿಂಹಾಸನ ತೊರೆದ ಎಡ್ವರ್ಡ್, ವಾಲಿಸ್ ಸಿಂಪ್ಸನ್ನರನ್ನು 1937ರ ಜೂನಿನಲ್ಲಿ ಫ್ರಾನ್ಸಿನ ಕಾಂಡೆ ಕೋಟೆಮನೆಯಲ್ಲಿ ಮದುವೆಯಾದಾಗ ಹೂ ಜೋಡಿಸಿದ್ದು ಸ್ಪ್ರೈ. ಹಣವಿರುವವರು ಒಪ್ಪಿದ್ದರಿಂದಲೇ ಕಾಡುಸೊಪ್ಪಿಗೆ ಮರ್ಯಾದೆ ಬಂತು ಎಂದರೂ ತಪ್ಪಾಗದು. ಆದರೆ ಹಣ ಬಂದ ದಾರಿ ಒಂದು, ಕಲಿಕೆ ಹೋದ ದಾರಿ ಇನ್ನೊಂದು. ‘ಫ್ಲವರ್ ಡೆಕೊರೇಷನ್’ ಪುಸ್ತಕ ಬಂದದ್ದು ಅದೇ 1934ರಲ್ಲಿ. ಹೂವಿನ ಶಾಲೆ ನಡೆಸಿದರು. ಯುದ್ಧಕಾಲದ ಆಹಾರದ ಅಭಾವದಲ್ಲಿ, 1942ರಲ್ಲಿ, ಕೈತೋಟದ ತರಕಾರಿಯನ್ನು ಅಡುಗೆಗೆ ಬಳಸುವ ಬಗ್ಗೆ ಪುಸ್ತಕ ಬರೆದರು. ಯುದ್ಧ ಮುಗಿದ ಮೇಲೆ ವಿಂಕ್‌ಫೀಲ್ಡ್ ಪ್ಲೇಸ್ ಎಂಬ ಬಂಗಲೆಯಲ್ಲಿ ಗೃಹವಿಜ್ಞಾನದ ಶಾಲೆ ತೆರೆದರು. ಗುಟ್ಟು ಬಿಟ್ಟುಕೊಡದೆ ಕುಳಿತಿದ್ದರೆ ವ್ಯಾಪಾರಕ್ಕೆ ಒಳ್ಳೆಯದಿತ್ತು.

ಎಲ್ಲವೂ ಅವರಿಂದಲೇ ಮೊದಲಾಯಿತು ಎನ್ನಲಾಗದು. ಮನೆಯೊಳಗಿನ ಹೂವಿನ ಬಗ್ಗೆ ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಿಲ್ 1907ರಲ್ಲೇ ಬರೆದಿದ್ದರು. ಯುದ್ಧಾನಂತರ ಊರೂರಿನ ಮಹಿಳಾ ಕೂಟಗಳಿಗೆ ಈ ಕಲೆಯನ್ನು ಒಯ್ದವರಲ್ಲಿ ಜೂಲಿಯಾ ಕ್ಲೆಮೆಂಟ್ಸ್ ಅವರ ಪಾಲು ದೊಡ್ಡದು. ಪಟ್ಟಾಭಿಷೇಕದ ಕೋಳಿ ಖಾದ್ಯದ ಕೀರ್ತಿಯಂತೂ ಹೆಚ್ಚಾಗಿ ಜೊತೆಗಾರ್ತಿ ರೋಸ್‌ಮರಿ ಹ್ಯೂಮ್ ಅವರಿಗೆ ಸಲ್ಲಬೇಕು. ಇಬ್ಬರೂ ಕೂಡಿ ಬರೆದ ಸಾವಿರಕ್ಕೂ ಹೆಚ್ಚು ಪುಟಗಳ ಅಡುಗೆ ಪುಸ್ತಕ 1956ರಲ್ಲಿ ಹೊರಬಂದಾಗ ಹೆಸರು ಮಾತ್ರ ಸ್ಪ್ರೈ ಅವರದ್ದೇ ಉಳಿಯಿತು.

ಯಾರೂ ಕೇಳದ ಕಾಲದಲ್ಲಿ ಹಳೆಯ ಗುಲಾಬಿ ತಳಿಗಳನ್ನು ಹುಡುಕಿ ಬೆಳೆಸಿದ್ದು ಅವರ ಇನ್ನೊಂದು ಕೆಲಸ. ಬೆಲೆಯನ್ನು ಬದಿಗಿಟ್ಟು ನೋಡುವ ಕಣ್ಣು ಅಲ್ಲೂ ಅದೇ. 1960ರ ಜನವರಿ 3ರಂದು ವಿಂಕ್‌ಫೀಲ್ಡಿನಲ್ಲಿ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ಹಳೆಯ ಗುಲಾಬಿಯ ಗುಣವನ್ನು ಹೊಸ ತಳಿಗೆ ತರಲು ಹೊರಟಿದ್ದ ಡೇವಿಡ್ ಆಸ್ಟಿನ್ 1961ರಲ್ಲಿ ತಮ್ಮ ಮೊದಲ ‘ಇಂಗ್ಲಿಷ್ ರೋಸ್’ಗೆ ಅವರ ಹೆಸರನ್ನೇ ಇಟ್ಟರು. ಗುಲಾಬಿ ಬಣ್ಣದ, ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವ ಆ ತಳಿಯನ್ನು ಇಂದಿಗೂ ಬೆಳೆಸುತ್ತಾರೆ.