ಹೆಲ್ಮೆಟ್ ಕಾನೂನಿನ ಹಿಂದಿರುವ ಸಾವುಗಳ ಲೆಕ್ಕ

ಅರಬ್ ಜಗತ್ತಿನ ಇತಿಹಾಸ ಓದಿದವರಿಗೆ ಟಿ.ಇ. ಲಾರೆನ್ಸ್ ಹೆಸರು ಹೊಸತಲ್ಲ. ಒಂದನೇ ಮಹಾಯುದ್ಧದ ವೇಳೆ ಉಸ್ಮಾನಿಯಾ ಆಡಳಿತದ ವಿರುದ್ಧ ನಡೆದ ಅರಬ್ ದಂಗೆಯಲ್ಲಿ ಈ ಬ್ರಿಟಿಷ್ ಅಧಿಕಾರಿ ವಹಿಸಿದ ಪಾತ್ರದ ಕುರಿತು ಇಂದಿಗೂ ವಾದವಿವಾದಗಳಿವೆ. ಆದರೆ ಅವರ ಸಾವಿನೊಂದಿಗೆ ತಳುಕು ಹಾಕಿಕೊಂಡಿರುವ ಇನ್ನೊಂದು ಇತಿಹಾಸ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅದು ಹೆಲ್ಮೆಟ್ಟಿನ ಇತಿಹಾಸ.

1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಮೋಟಾರ್ ಸೈಕಲ್ ಓಡಿಸುತ್ತಿದ್ದ ಲಾರೆನ್ಸ್, ಸೈಕಲಿನಲ್ಲಿದ್ದ ಇಬ್ಬರು ಹುಡುಗರಿಗೆ ಢಿಕ್ಕಿಯಾಗುವುದನ್ನು ತಪ್ಪಿಸಲು ಹೋಗಿ ಉರುಳಿ ಬಿದ್ದರು. ತಲೆಗೆ ಬಲವಾದ ಏಟಾಗಿತ್ತು. ಆರು ದಿನಗಳ ಬಳಿಕ, 46ರ ಹರೆಯದಲ್ಲಿ ತೀರಿಕೊಂಡರು. ಅವರನ್ನು ಪರೀಕ್ಷಿಸಿದ ವೈದ್ಯರಲ್ಲಿ ಮೆದುಳಿನ ಶಸ್ತ್ರಚಿಕಿತ್ಸಾ ತಜ್ಞ ಹ್ಯೂ ಕೇರ್ನ್ಸ್ ಕೂಡ ಒಬ್ಬರು.

ಎರಡನೇ ಮಹಾಯುದ್ಧ ಆರಂಭವಾದಾಗ ಕೇರ್ನ್ಸ್ ಒಂದು ಸರಳ ಕೆಲಸ ಮಾಡಿದರು: ಸಾವುಗಳನ್ನು ಲೆಕ್ಕ ಹಾಕಿದರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲೇ 2,279 ಮೋಟಾರ್ ಸೈಕಲ್ ಸವಾರರು ಮತ್ತು ಹಿಂಬದಿ ಸವಾರರು ಸತ್ತಿದ್ದರು. ಹೆಚ್ಚಿನವರ ಸಾವಿಗೆ ತಲೆಯ ಗಾಯವೇ ಕಾರಣ. ಹೆಲ್ಮೆಟ್ ಧರಿಸಿ ಗಾಯಗೊಂಡ ಏಳು ಮಂದಿ ಮಾತ್ರ ಅವರಿಗೆ ಸಿಕ್ಕಿದ್ದರು. ಆ ಏಳು ಮಂದಿಯೂ ಬದುಕುಳಿದಿದ್ದರು. 1941ರಲ್ಲಿ ಅವರು ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಸೇನೆಯು ತನ್ನ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು. ಸಾವುಗಳು ಇಳಿಯತೊಡಗಿದವು.

ಆದರೆ ಜನಸಾಮಾನ್ಯರಿಗೆ ಬ್ರಿಟನ್ನಿನಲ್ಲಿ ಈ ಕಾನೂನು ಬಂದದ್ದು 1973ರಲ್ಲಿ. ಕೇರ್ನ್ಸ್ 1952ರಲ್ಲೇ ತೀರಿಕೊಂಡಿದ್ದರು. ಪುರಾವೆ ಕೈಯಲ್ಲಿದ್ದೂ 32 ವರ್ಷ ಏಕೆ ಬೇಕಾಯಿತು? ತನ್ನ ತಲೆ ತನ್ನದು, ಸರಕಾರಕ್ಕೇನು ಎಂಬ ವಾದ ಎಲ್ಲ ದೇಶಗಳಲ್ಲೂ ಕೇಳಿಬಂದಿದೆ. ನಮ್ಮಲ್ಲಿಯೂ ಆಂಧ್ರಪ್ರದೇಶದ ಹೆಲ್ಮೆಟ್ ನಿಯಮವು ಸಂಚಾರ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆಂದು ಸುಪ್ರೀಂ ಕೋರ್ಟಿನವರೆಗೆ ಹೋದವರಿದ್ದರು. 1988ರಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಅದೇ ವರ್ಷ ರೂಪುಗೊಂಡ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ದೇಶಕ್ಕೆಲ್ಲ ಹೆಲ್ಮೆಟ್ ಕಡ್ಡಾಯಗೊಳಿಸಿತು. ಪೇಟ ಧರಿಸುವ ಸಿಖ್ಖರಿಗೆ ಅದರಲ್ಲಿ ವಿನಾಯಿತಿಯಿದೆ.

ಕಾನೂನು ಪುಸ್ತಕ ಸೇರಿದ ಮಾತ್ರಕ್ಕೆ ತಲೆ ಸೇರುವುದಿಲ್ಲ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬುದು ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. 2019ರ ತಿದ್ದುಪಡಿಯು ದಂಡವನ್ನು ಸಾವಿರ ರೂಪಾಯಿಗೆ ಏರಿಸಿದಾಗ ಜನರ ಆಕ್ರೋಶಕ್ಕೆ ಮಣಿದು ನಮ್ಮ ಸರಕಾರ ಅದನ್ನು ಐನೂರಕ್ಕೆ ಇಳಿಸಿತು. ದಂಡದ ಕುರಿತು ನಡೆದಷ್ಟು ಚರ್ಚೆ ಸಾವಿನ ಕುರಿತು ನಡೆಯಲಿಲ್ಲ. ಕೇಂದ್ರ ಸರಕಾರದ ವರದಿಯ ಪ್ರಕಾರ, 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸಿರಲಿಲ್ಲ. ಇವರಲ್ಲಿ 14,337 ಮಂದಿ ಹಿಂಬದಿಯಲ್ಲಿ ಕುಳಿತಿದ್ದವರು.

ರಸ್ತೆಗುಂಡಿಗಳನ್ನು ಮುಚ್ಚದ ಆಡಳಿತವನ್ನು, ಲಂಚಕ್ಕೆ ಕೈಯೊಡ್ಡುವ ಪೊಲೀಸರನ್ನು ಪ್ರಶ್ನಿಸುವ ಹಕ್ಕು ನಮಗಿದೆ, ಪ್ರಶ್ನಿಸಲೇಬೇಕು. ಆದರೆ ಆ ಸಿಟ್ಟನ್ನು ನಮ್ಮ ಮಕ್ಕಳ ತಲೆಯ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? ದಾರಿಹೋಕರಿಗೆ ತೊಂದರೆ ಕೊಡುವ ವಸ್ತುವನ್ನು ದಾರಿಯಿಂದ ಸರಿಸುವುದೂ ವಿಶ್ವಾಸದ ಒಂದು ಭಾಗವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಜೀವರಕ್ಷಣೆಯು ಶರೀಅತ್‌ನ ಮೂಲ ಉದ್ದೇಶಗಳಲ್ಲೊಂದು ಎಂದು ನಮ್ಮ ವಿದ್ವಾಂಸರು ಎಣಿಸಿದ್ದಾರೆ. ಹಾಗಿರುವಾಗ ಜುಮಾ ನಮಾಝಿಗೆ ಟೋಪಿ ಧರಿಸಿ, ಹೆಲ್ಮೆಟ್ಟನ್ನು ಮನೆಯಲ್ಲೇ ಬಿಟ್ಟು, ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿ ಹೊರಡುವುದು ಸರಿಯೇ? ಟೋಪಿ ಜೇಬಿನಲ್ಲಿರಲಿ, ಮಸೀದಿ ತಲಪಿದ ಮೇಲೆ ಧರಿಸಬಹುದು.

ಮಸೀದಿ, ದೇವಸ್ಥಾನ, ಚರ್ಚುಗಳ ಆಡಳಿತ ಸಮಿತಿಗಳು ಈ ಮಾತನ್ನು ತಮ್ಮ ಅಂಗಳದಿಂದಲೇ ಆರಂಭಿಸಬಹುದು. ಐಎಸ್‌ಐ ಮುದ್ರೆಯಿರುವ ಹೆಲ್ಮೆಟ್, ಗದ್ದದ ಕೆಳಗೆ ಬಿಗಿದ ಪಟ್ಟಿ, ಹಿಂದೆ ಕುಳಿತ ಪತ್ನಿಗೂ ಮಗುವಿಗೂ ಒಂದೊಂದು - ಇಷ್ಟೇ. ಸಾವುಗಳನ್ನು ಎಣಿಸುವ ಕೆಲಸವನ್ನು ಕೇರ್ನ್ಸ್ ಎಂಟು ದಶಕಗಳ ಹಿಂದೆಯೇ ಮುಗಿಸಿದ್ದಾರೆ. ಆ ಲೆಕ್ಕಕ್ಕೆ ನಮ್ಮ ಮನೆಯವರ ಹೆಸರು ಸೇರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.