ಆರೈಕೆ ಮಾಡುವವರಿಗೂ ಸುಸ್ತಾಗುತ್ತದೆ: ಕೆಲಸದ ಒತ್ತಡದ ಬಗ್ಗೆ ನಾಲ್ಕು ತಪ್ಪು ನಂಬಿಕೆಗಳು

ಗದಗ ಜಿಲ್ಲೆ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂಥ ಹಳ್ಳಿಯಲ್ಲಿ ಬಸುರಿಯ ಹೆಸರು ಬರೆದುಕೊಳ್ಳುವವರು ಯಾರು? ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಆಸ್ಪತ್ರೆಗೆ ಜೊತೆಯಾಗಿ ಹೋಗುವವರು ಯಾರು? ಕೂಸಿಗೆ ಲಸಿಕೆ ತಪ್ಪಿದರೆ ಮನೆ ಬಾಗಿಲಿಗೆ ಬಂದು ಕೇಳುವವರು ಯಾರು? ಆಶಾ ಕಾರ್ಯಕರ್ತೆ. ಅವರ ಜೊತೆಗೆ ಅಂಗನವಾಡಿ ಟೀಚರ್ ಮತ್ತು ಸಹಾಯಕಿ ಇರುತ್ತಾರೆ. ಊರಿನ ಆರೋಗ್ಯ ನೋಡಿಕೊಳ್ಳುವ ಇವರ ಆರೋಗ್ಯವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳುವುದು ಕಡಿಮೆ. "ಟೆನ್ಶನ್ ಯಾರಿಗಿಲ್ರಿ? ಮನಸ್ಸು ಗಟ್ಟಿ ಮಾಡ್ಕೋಬೇಕು" ಎಂದು ಹೇಳಿ ಮಾತು ಮುಗಿಸುತ್ತೇವೆ. ಇಂಥ ಮಾತಿನ ಹಿಂದಿರುವ ನಾಲ್ಕು ನಂಬಿಕೆಗಳನ್ನು ಈ ಬರಹದಲ್ಲಿ ಪರಿಶೀಲಿಸೋಣ.

ನಂಬಿಕೆ 1: ಒತ್ತಡ ಬರೀ ಮನಸ್ಸಿನದು

ನಿಜಾಂಶ: ಒತ್ತಡ ಮೈಯಲ್ಲೂ ನಡೆಯುತ್ತದೆ. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ. ಸ್ವಲ್ಪ ಹೊತ್ತಿಗೆ ಇದು ಒಳ್ಳೆಯದೇ. ಅಪಾಯ ಕಳೆದ ಮೇಲೆ ದೇಹ ಮೊದಲಿನ ಸ್ಥಿತಿಗೆ ಬರಬೇಕು. ಬರಲು ಬಿಡುವೇ ಸಿಗದಿದ್ದರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ತಲೆನೋವು, ಬೆನ್ನುನೋವು ಮತ್ತು ಹೊಟ್ಟೆಯ ತೊಂದರೆ ಶುರುವಾಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಂದು ಅಂದಾಜು ಪ್ರಕಟಿಸಿದವು. ಅದರ ಪ್ರಕಾರ ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಆಶಾ ಕೆಲಸವನ್ನು ಕಾಗದದ ಮೇಲೆ ಅರೆಕಾಲಿಕ ಎನ್ನುತ್ತಾರೆ. ಆದರೆ ಹೆರಿಗೆ ನೋವು ಗಡಿಯಾರ ನೋಡಿ ಬರುವುದಿಲ್ಲ. ಮನೆಯ ಅಡುಗೆ, ದನಕರು, ಹೊಲದ ಕೆಲಸವನ್ನೂ ಸೇರಿಸಿ ಲೆಕ್ಕ ಹಾಕಿದರೆ ದಿನದ ದುಡಿಮೆ ಎಲ್ಲಿಗೆ ಮುಟ್ಟುತ್ತದೆ ಎಂದು ಊಹಿಸಬಹುದು.

ನಂಬಿಕೆ 2: ಸೇವಾ ಮನೋಭಾವ ಇದ್ದವರಿಗೆ ಸುಸ್ತು ಆಗುವುದಿಲ್ಲ

ನಿಜಾಂಶ: ಆಗುತ್ತದೆ. ಮನಸ್ಸಿಟ್ಟು ದುಡಿಯುವವರಿಗೇ ಹೆಚ್ಚು ಆಗಬಹುದು. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 'ಬರ್ನ್‌ಔಟ್' ಎಂಬ ಪದವನ್ನು ಬಳಸಿ ಬರೆದದ್ದು ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುತ್ತಿದ್ದವರ ಬಗ್ಗೆ. ಎಣ್ಣೆ ತೀರಿದ ದೀಪದ ಹಾಗೆ ಒಳಗಿನ ಕಸುವು ಬತ್ತಿಹೋಗುವ ಸ್ಥಿತಿ ಅದು.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಬರ್ನ್‌ಔಟನ್ನು ಕಾಯಿಲೆ ಎಂದು ಕರೆಯುವುದಿಲ್ಲ. ಕೆಲಸದ ಜಾಗದ ಒತ್ತಡವನ್ನು ದೀರ್ಘಕಾಲ ಸರಿಯಾಗಿ ನಿಭಾಯಿಸದೆ ಬಿಟ್ಟದ್ದರ ಪರಿಣಾಮ ಎನ್ನುತ್ತದೆ. ಅದಕ್ಕೆ ಮೂರು ಲಕ್ಷಣಗಳು: ತೀರದ ದಣಿವು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಬೇಸರ, ಮಾಡಿದ ಕೆಲಸ ಫಲ ಕೊಡುತ್ತಿಲ್ಲ ಎಂಬ ಭಾವನೆ.

ಎರಡನೇ ಲಕ್ಷಣದಲ್ಲಿ ಊರಿಗೂ ಅಪಾಯವಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕು. ಮಗು ಹಾಲು ಕುಡಿಯುತ್ತಿದೆಯೇ, ಮೈ ತಣ್ಣಗಾಗಿದೆಯೇ, ಉಸಿರಾಟ ಹೇಗಿದೆ, ತಾಯಿಗೆ ಜ್ವರ ಇದೆಯೇ ಎಂದು ನೋಡಬೇಕು. ದಣಿದ ಮನಸ್ಸಿಗೆ ಏಳನೇ ದಿನದ ಭೇಟಿ ಪುಸ್ತಕದಲ್ಲಿ ಹಾಕುವ ಒಂದು ಗುರುತು ಮಾತ್ರ ಆಗಿಬಿಡಬಹುದು. ಅಂದು ಕಾಣಬೇಕಾಗಿದ್ದ ಅಪಾಯದ ಚಿಹ್ನೆ ಕಾಣದೇ ಹೋಗಬಹುದು. ಹೀಗಾಗಿ ಆಕೆಯ ಸುಸ್ತು ಆಕೆಯೊಬ್ಬಳ ಖಾಸಗಿ ವಿಷಯವಲ್ಲ.

ನಂಬಿಕೆ 3: ಯೋಗ, ಧ್ಯಾನ ಮಾಡಿದರೆ ಎಲ್ಲ ಸರಿಹೋಗುತ್ತದೆ

ನಿಜಾಂಶ: ಇವು ಮನಸ್ಸಿಗೆ ಹಿತ ಕೊಡಬಹುದು. ಆದರೆ ಒತ್ತಡದ ಮೂಲ ಕೆಲಸದಲ್ಲಿದ್ದರೆ ಮದ್ದೂ ಅಲ್ಲಿಯೇ ಆಗಬೇಕು. 1979ರಲ್ಲಿ ರಾಬರ್ಟ್ ಕರಾಸೆಕ್ ತೋರಿಸಿದ್ದು ಇದು: ಕೆಲಸದ ಹೊರೆ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂದು ನಿರ್ಧರಿಸುವ ಅಧಿಕಾರ ಕಡಿಮೆ ಇದ್ದಾಗ ಒತ್ತಡ ಅತಿ ಹೆಚ್ಚು. 1996ರಲ್ಲಿ ಯೋಹಾನೆಸ್ ಸೀಗ್ರಿಸ್ಟ್ ಇನ್ನೊಂದು ಅಂಶ ಸೇರಿಸಿದರು. ಪಡುವ ಶ್ರಮಕ್ಕೆ ತಕ್ಕ ಹಣ, ಗೌರವ, ಭದ್ರತೆ ಸಿಗದಿದ್ದರೆ ಆರೋಗ್ಯ ಕೆಡುತ್ತದೆ.

ಎರಡನ್ನೂ ನಮ್ಮ ಹಳ್ಳಿಗೆ ಅನ್ವಯಿಸಿ ನೋಡಿ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ನಿಯಮದಂತೆ ಸುಮಾರು 1,000 ಜನಸಂಖ್ಯೆಗೆ ಒಬ್ಬ ಆಶಾ. ಯಾವ ಸಮೀಕ್ಷೆ, ಎಂದು ಮುಗಿಯಬೇಕು ಎಂಬುದು ಮೇಲಿನಿಂದ ಬರುತ್ತದೆ. ಸಿಗುವುದು ಸಂಬಳ ಅಲ್ಲ, ಗೌರವಧನ ಮತ್ತು ಕೆಲಸಕ್ಕೆ ಇಷ್ಟು ಎಂಬ ಪ್ರೋತ್ಸಾಹಧನ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಸರ್ಕಾರದಿಂದ ಬಂದ ಮೇಲೆ ಧರಣಿ ನಿಂತಿತು. ಇದು ಹಣದ ಜಗಳ ಮಾತ್ರವಲ್ಲ, ಆರೋಗ್ಯದ ಪ್ರಶ್ನೆಯೂ ಹೌದು ಎನ್ನುವುದಕ್ಕೆ ಸೀಗ್ರಿಸ್ಟರ ಮಾತು ಆಧಾರ.

ನಂಬಿಕೆ 4: ಗೌರವಧನದವರಿಗೆ ಕಾನೂನಿನ ರಕ್ಷಣೆ ಇಲ್ಲ

ನಿಜಾಂಶ: ಕೆಲವು ಮುಖ್ಯ ರಕ್ಷಣೆಗಳು ಇವೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳ ಇಲ್ಲದೆ ಸ್ವಯಂಸೇವಕರಾಗಿ ದುಡಿಯುವವರನ್ನೂ ಉದ್ಯೋಗಿ ಎಂದೇ ಪರಿಗಣಿಸುತ್ತದೆ. ಕೆಲಸದ ನಿಮಿತ್ತ ಹೋಗುವ ಜಾಗವೂ ಕೆಲಸದ ಸ್ಥಳವೇ. ಅಂದರೆ ಸಮೀಕ್ಷೆಗೆ ಹೋದ ಮನೆಯ ಕಟ್ಟೆಯೂ ಅದರೊಳಗೆ ಬರುತ್ತದೆ. ಪ್ರತಿ ಜಿಲ್ಲೆಯಲ್ಲಿ ಇದಕ್ಕಾಗಿ ಸ್ಥಳೀಯ ಸಮಿತಿ ಇರಬೇಕು. ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು.

ಈ ಕಾನೂನಿನ ಬೇರು ಇರುವುದೇ ಹಳ್ಳಿಯ ಆರೈಕೆ ಕೆಲಸದಲ್ಲಿ. ರಾಜಸ್ಥಾನದಲ್ಲಿ ಸರ್ಕಾರದ ಮಹಿಳಾ ಕಾರ್ಯಕ್ರಮದ 'ಸಾಥಿನ್' ಆಗಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಮುಂದಾಗಿದ್ದರು. ಅದರ ಸೇಡಿಗೆ 1992ರಲ್ಲಿ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಅವರು ದೂರಿದರು. ಆ ಪ್ರಕರಣದ ಹಿನ್ನೆಲೆಯಲ್ಲೇ ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ಮಾರ್ಗಸೂಚಿ ಕೊಟ್ಟಿತು. ಅದೇ ಮುಂದೆ ಕಾಯ್ದೆಯಾಯಿತು. ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೂ ಗ್ರಾಚ್ಯುಟಿ ಹಕ್ಕಿದೆ ಎಂದು ಅದೇ ಕೋರ್ಟ್ 2022ರಲ್ಲಿ ತೀರ್ಪು ನೀಡಿದೆ.

2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೋವಿಡ್ ಸಮೀಕ್ಷೆಗೆ ಹೋದ ಆಶಾಗಳ ಮೇಲೆ ಹಲ್ಲೆ ನಡೆದದ್ದು ನೆನಪಿರಬಹುದು. ಅದೇ ತಿಂಗಳು ಕೇಂದ್ರ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾನೂನಿಗೆ ತಿದ್ದುಪಡಿ ತಂದು, ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಕಾರ್ಯಕರ್ತರ ಮೇಲಿನ ಹಲ್ಲೆಯನ್ನು ಜಾಮೀನುರಹಿತ ಅಪರಾಧವಾಗಿಸಿತು.

ನಾವು ಏನು ಮಾಡಬಹುದು?

ಆರೈಕೆ ಕೆಲಸದಲ್ಲಿ ಇರುವವರಿಗೆ:

- ಬೇಸಿಗೆಯಲ್ಲಿ ಮನೆ ಭೇಟಿ ಬೆಳಿಗ್ಗೆ ಅಥವಾ ಸಂಜೆ ಇಟ್ಟುಕೊಳ್ಳಿ. ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯುವುದನ್ನು ಬಿಡಬೇಡಿ. ನೀರು ಬಿಡುವುದು, ಮೂತ್ರ ತಡೆಯುವುದು ಎರಡೂ ಮೂತ್ರನಾಳದ ಸೋಂಕಿಗೆ ದಾರಿ.
- ಮಗುವನ್ನಾಗಲಿ ಅಕ್ಕಿ ಚೀಲವನ್ನಾಗಲಿ ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ. ಹಾಸಿಗೆ ಹಿಡಿದವರನ್ನು ಒಬ್ಬರೇ ಎತ್ತಬೇಡಿ.
- ರಾತ್ರಿ ಹೊರಡುವಾಗ ಎಲ್ಲಿಗೆ, ಯಾರ ಜೊತೆ ಎಂದು ಒಬ್ಬರಿಗಾದರೂ ತಿಳಿಸಿ. ಬೈಗುಳ, ಬೆದರಿಕೆ, ಹಲ್ಲೆ ಆದರೆ ದಿನಾಂಕ ಹಾಕಿ ಬರೆದಿಡಿ, ಮೇಲಿನವರಿಗೆ ಲಿಖಿತವಾಗಿ ಕೊಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.
- ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಅಳು ಬರುತ್ತಿದ್ದರೆ, ಯಾವುದೂ ಬೇಡ ಎನಿಸುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಕೂಡಲೇ ಕರೆ ಮಾಡಿ.

ಮೇಲ್ವಿಚಾರಕರಿಗೆ: ಹೊಸ ಸಮೀಕ್ಷೆ ಕೊಡುವಾಗ ಹಳೆಯ ಯಾವ ಕೆಲಸ ಮುಂದಕ್ಕೆ ಹಾಕಬಹುದು ಎಂದೂ ಹೇಳಿ. ತಿಂಗಳ ಸಭೆಯಲ್ಲಿ ಗುರಿ ಕೇಳುವ ಮೊದಲು ತೊಂದರೆ ಕೇಳಿ. ರಾತ್ರಿ ಹೆರಿಗೆಗೆ ಹೋದವರಿಗೆ ಮರುದಿನ ಬಿಡುವು ಕೊಡಿ.

ಊರಿನವರಿಗೆ: ಬಾಗಿಲಿಗೆ ಬಂದ ಆಶಾ ಅಕ್ಕನಿಗೆ ಒಂದು ಲೋಟ ನೀರು ಕೊಡಿ, ಶೌಚಾಲಯ ಬಳಸಲು ಬಿಡಿ. ತುರ್ತಿಲ್ಲದ ವಿಷಯಕ್ಕೆ ರಾತ್ರಿ ಫೋನ್ ಮಾಡಬೇಡಿ. ನಿಮ್ಮ ಕೂಸಿನ ಏಳನೇ ದಿನ ಆಕೆ ಕಣ್ಣು ತೆರೆದು ನೋಡಬೇಕಾದರೆ ಹಿಂದಿನ ರಾತ್ರಿ ಆಕೆಗೆ ನಿದ್ದೆ ಸಿಕ್ಕಿರಬೇಕು.