‘ಪರಿಶೀಲನೆ’: ಪದದ ಅರ್ಥ ಮತ್ತು ಕಚೇರಿ ಬಳಕೆ

ಸಾರ್ವಜನಿಕರಿಗೆ ನೀಡಲಾಗುವ ಹಿಂಬರಹಗಳಲ್ಲಿ ‘ಪರಿಶೀಲನೆ’ ಎಂಬ ಪದವು ಪದೇ ಪದೇ ಬರುತ್ತದೆ. ಇದು ಸಂಸ್ಕೃತ ಮೂಲದ ಪದ. ‘ಪರಿ’ ಎಂದರೆ ಎಲ್ಲ ಕಡೆಯಿಂದ, ‘ಶೀಲನ’ ಎಂದರೆ ಮತ್ತೆ ಮತ್ತೆ ಮಾಡುವ ಅಭ್ಯಾಸ. ಅಂದರೆ ಒಂದು ವಿಷಯವನ್ನು ಸುತ್ತಲಿಂದ ಕೂಲಂಕಷವಾಗಿ ನೋಡುವುದು. ಹಳೆಯ ಕಂದಾಯ ಆದೇಶಗಳಲ್ಲಿ ಕಾಣುವ ‘ದಾಖಲೆಗಳನ್ನು ಪರಾಂಬರಿಸಲಾಗಿ’ ಎಂಬ ಮಾತಿನ ಅರ್ಥವೂ ಇದೇ ಆಗಿರುತ್ತದೆ.

ಇದಕ್ಕೆ ಸಮೀಪದ ಪದಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವಂತಿಲ್ಲ. ‘ತನಿಖೆ’ಯು ಸತ್ಯಾಂಶವನ್ನು ಹುಡುಕಿ ತೆಗೆಯುವುದು, ‘ವಿಚಾರಣೆ’ಯಲ್ಲಿ ಪಕ್ಷಗಾರರ ಹೇಳಿಕೆಯನ್ನು ಆಲಿಸಲಾಗುತ್ತದೆ. ‘ಮೋಜಣಿ’ ಎಂದರೆ ಜಮೀನಿನ ಅಳತೆ.

‘ಮಹಜರು’ ಪದಕ್ಕೆ ಮಲೆನಾಡಿನ ರೈತರು ವಿಶೇಷ ಗಮನ ಕೊಡುವುದು ಒಳಿತು. ಇದು ಅರಬ್ಬಿ ಮೂಲದ ಪದವಾಗಿದ್ದು, ‘ಹಾಜರು’ ಪದದ ಬಂಧು. ಸ್ಥಳದಲ್ಲಿ ಹಾಜರಿದ್ದವರ ಸಮಕ್ಷಮ ಬರೆದ ಪತ್ರವೆಂದು ಇದರ ಅರ್ಥ. ಆಲೂರು ತಾಲ್ಲೂಕಿನ ಮಗ್ಗೆ ಹಾಗೂ ಸಕಲೇಶಪುರದ ಕಡೆಯಲ್ಲಿ ಕಾಡಾನೆಗಳು ಭತ್ತದ ಗದ್ದೆಗೋ ಕಾಫಿ ತೋಟಕ್ಕೋ ನುಗ್ಗಿದಾಗ ಕಚೇರಿಯಲ್ಲಿ ಕುಳಿತು ಮಾಡುವ ದಾಖಲೆ ಪರಿಶೀಲನೆಯಿಂದ ಹಾನಿಯ ಪ್ರಮಾಣ ತಿಳಿಯಲಾರದು. ಸ್ಥಳ ಪರಿಶೀಲನೆಯೇ ಆಗಬೇಕು. ಸಹಿ ಮಾಡುವ ಮೊದಲು ಸರ್ವೆ ನಂಬರು, ವಿಸ್ತೀರ್ಣ, ಹಾನಿಯಾದ ಗಿಡಗಳ ಸಂಖ್ಯೆಯನ್ನು ಓದಿಸಿ ಕೇಳತಕ್ಕದ್ದು. ಖಾಲಿ ಕಾಗದಕ್ಕೆ ಸಹಿ ಮಾಡಬಾರದು. ಹಾಜರಿದ್ದವರು ಸುಮ್ಮನೆ ನಿಂತು ನೋಡಿದರೆಂಬ ಮಾತ್ರಕ್ಕೆ ಬರೆದದ್ದೆಲ್ಲ ಸರಿಯಾಗಿಬಿಡುವುದಿಲ್ಲ.

‘ಪರಿಶೀಲಿಸಲಾಗಿದೆ’ ಎಂದರೆ ‘ಮಂಜೂರಾಗಿದೆ’ ಎಂದಲ್ಲ, ‘ತಿರಸ್ಕರಿಸಲಾಗಿದೆ’ ಎಂದೂ ಅಲ್ಲ. ‘ಕಡತವು ಪರಿಶೀಲನೆಯಲ್ಲಿದೆ’ ಎಂಬ ಉತ್ತರವನ್ನು ಅನೇಕರು ಅನುಕೂಲಕರ ಸೂಚನೆಯೆಂದು ಭಾವಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಇದು ಕೇವಲ ಕಡತದ ಸ್ಥಿತಿಯನ್ನು ತಿಳಿಸುವ ಮಾತು, ನಿರ್ಣಯವಲ್ಲ.

ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಯಾಗಿದ್ದಲ್ಲಿ ಸ್ವೀಕೃತಿಯಲ್ಲಿ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ. ನಿಗದಿತ ಅವಧಿ ಮುಗಿದರೂ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿಯು ತಿರಸ್ಕೃತವಾದಲ್ಲಿ, 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಹಕ್ಕು ಬದಲಾವಣೆಯ ಆದೇಶಗಳಿಗೆ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 136(2)ನೇ ಪ್ರಕರಣ ಅನ್ವಯಿಸುತ್ತದೆ. ಅಲ್ಲಿ ಮೇಲ್ಮನವಿಯ ಅವಧಿ 60 ದಿನಗಳು. ಈ ಅವಧಿಯನ್ನು ಆದೇಶವು ತಲುಪಿದ ದಿನದಿಂದ ಎಣಿಸಲಾಗುವುದರಿಂದ, ಹಿಂಬರಹ ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಗುರುತು ಮಾಡಿಟ್ಟುಕೊಳ್ಳತಕ್ಕದ್ದು.